ಗಂಟಲಿನಲ್ಲಿ ಎಪ್ಪತ್ತು ಸೆಕೆಂಡು

ಲೋಟದ ನೀರು ಅಲುಗಾಡಿತು. ಹತ್ತು ಗಂಟೆ ಹತ್ತೊಂಬತ್ತು ನಿಮಿಷ. ಕಟ್ಟಡದ ಕೆಳಗೆ, ಅದಕ್ಕೂ ಕೆಳಗೆ ಮಣ್ಣಿನೊಳಗೆ, ಬಂದರು ಮಾರ್ಗದ ಗಾಡಿ ಬಂದು ನಿಂತಿತು ಎಂದು ಅರ್ಥ. ನೀರಿನ ಮೇಲೆ ಎದ್ದ ಸಣ್ಣ ಉಂಗುರಗಳು ಗಾಜಿನ ಅಂಚಿಗೆ ಬಡಿದು, ನಾಚಿಕೊಂಡಂತೆ ಹಿಂದಕ್ಕೆ ಬಂದು, ನಡುವೆ ಎಲ್ಲೋ ಸತ್ತವು. ಇನ್ನು ಎಪ್ಪತ್ತು ಸೆಕೆಂಡು ಆ ನೀರು ಅಲುಗಬಾರದು. ಅವನು ಪೆನ್ಸಿಲನ್ನು ಮೇಜಿನ ಮೇಲಿಟ್ಟು, ಎರಡೂ ಅಂಗೈಗಳನ್ನು ಲೋಟದ ಆಚೀಚೆ ಊರಿ ಎಣಿಸತೊಡಗಿದ. ಈಗ ಆ ಗಾಡಿ ಸುರಂಗದಲ್ಲಿ ಕೆಂಪು ದೀಪದ ಮುಂದೆ ನಿಂತಿದೆ. ಜನ ಕತ್ತೆತ್ತಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ. ಮುಂದಿನಿಂದ ಎರಡನೆಯ ಡಬ್ಬಿಯಲ್ಲಿ, ಬಾಗಿಲ ಪಕ್ಕದ ಸೀಟಿನಲ್ಲಿ, ತೊಡೆಯ ಮೇಲೆ ಚರ್ಮದ ಚೀಲ ಇಟ್ಟುಕೊಂಡು ಕೂತ ಮುದುಕನೊಬ್ಬ ಮಾತ್ರ ಯಾರ ಮುಖವನ್ನೂ ನೋಡುತ್ತಿಲ್ಲ. ಅವನು ತನ್ನ ಕೈಗಡಿಯಾರ ನೋಡುತ್ತಿದ್ದಾನೆ. ನೋಡಲಿ. ಅದಕ್ಕಾಗಿಯೇ ಇದೆಲ್ಲ. ಇಡೀ ಊರಿನಲ್ಲಿ ಆ ಎಪ್ಪತ್ತು ಸೆಕೆಂಡನ್ನು ಓದಬಲ್ಲವನು ಅವನೊಬ್ಬನೇ. ಉಳಿದವರಿಗೆ ಅದು ಬರೀ ಕತ್ತಲು.

"ಗೆರೆರಾಯರು ಧ್ಯಾನಕ್ಕೆ ಕೂತ್ರು," ಎದುರು ಮೇಜಿನ ಸಹೋದ್ಯೋಗಿ ಯಾರಿಗೂ ಅಲ್ಲದಂತೆ ಹೇಳಿದಳು. ಆಕೆ ಆಸ್ಪತ್ರೆ ಮಾರ್ಗದ ಗಾಡಿಗಳ ವೇಳೆ ಹೊಂದಿಸುವವಳು. ಇವನದು ಗಿರಣಿ ಮತ್ತು ಬಂದರು. "ದಿನಾ ಇದೇ ಹೊತ್ತಿಗೆ. ಏನ್ರೀ, ಲೋಟದಲ್ಲಿ ಯಾರ ಮುಖ ಕಾಣ್ತದೆ?"

"ನಿಮ್ಮದೇ," ಎಂದ ಅವನು ಕಣ್ಣು ತೆಗೆಯದೆ. ನಲವತ್ತೊಂದು, ನಲವತ್ತೆರಡು.

"ಅಯ್ಯೋ ಪಾಪ, ಹಾಗಾದ್ರೆ ಕುಡೀಬೇಡಿ. ಹೊಟ್ಟೆ ಕೆಟ್ಟೀತು."

ಅರವತ್ತೊಂಬತ್ತು, ಎಪ್ಪತ್ತು. ನೀರು ಮತ್ತೆ ಅಲುಗಾಡಿತು. ಅವನ ಮೈ ಸಡಿಲಾಯಿತು. ಮೂವತ್ತನೆಯ ದಿನ. ಮುಗಿಯಿತು. ಮುಗಿದಾಗ ಏನೋ ಆಗುತ್ತದೆ, ಎದೆಯೊಳಗೆ ಒಂದು ಬಾಗಿಲು ಮುಚ್ಚಿದ ಸದ್ದಾದರೂ ಕೇಳಿಸುತ್ತದೆ ಎಂದುಕೊಂಡಿದ್ದ. ಕೇಳಿಸಿದ್ದು ಆಕೆ ಟಪಾಲು ತಟ್ಟೆಯಿಂದ ಕಾಗದಗಳನ್ನು ವಿಂಗಡಿಸುವ ಸದ್ದು ಮಾತ್ರ.

ಮೂರು ಮಾರ್ಗಗಳು ಬಂದು ಒಂದೇ ಹಳಿಗೆ ಸೇರುವ ಆ ಜಾಗಕ್ಕೆ ಕಚೇರಿಯಲ್ಲಿ ಗಂಟಲು ಎಂದು ಹೆಸರು. ಅಲ್ಲಿಂದ ಮುಂದೆ ಏಳು ನಿಲ್ದಾಣಗಳವರೆಗೆ ಗಿರಣಿ, ಬಂದರು, ಆಸ್ಪತ್ರೆ ಮೂರಕ್ಕೂ ಅದೇ ಹಳಿ. ಒಂದು ಗಾಡಿಗೂ ಇನ್ನೊಂದಕ್ಕೂ ತೊಂಬತ್ತು ಸೆಕೆಂಡು ಅಂತರ ಬೇಕು. ಅಷ್ಟು ಇಲ್ಲದಿದ್ದರೆ ಹಿಂದಿನದಕ್ಕೆ ಕೆಂಪು ದೀಪ. ಅವನ ಕೆಲಸವೆಂದರೆ ದೊಡ್ಡ ಹಾಳೆಯ ಮೇಲೆ ಓರೆ ಗೆರೆಗಳನ್ನು ಎಳೆಯುವುದು: ಅಡ್ಡಕ್ಕೆ ಹೊತ್ತು, ಉದ್ದಕ್ಕೆ ನಿಲ್ದಾಣ, ಒಂದೊಂದು ಗೆರೆಯೂ ಒಂದೊಂದು ಗಾಡಿ. ಕಂಪ್ಯೂಟರ್ ಬಂದ ಮೇಲೂ ಅವನು ಮೊದಲು ಪೆನ್ಸಿಲಿನಲ್ಲೇ ಎಳೆಯುತ್ತಿದ್ದ. ಹಾಗೆ ಕಲಿಸಿದವನು ಅದೇ ಮುದುಕ. ಇಡೀ ವಿಭಾಗ ಅವನನ್ನು ಬೆನ್ನ ಹಿಂದೆ ಸೆಕೆಂಡು ಎಂದೂ ಎದುರಿಗೆ ಸಾರ್ ಎಂದೂ ಕರೆಯುತ್ತಿತ್ತು. ಇವನಿಗೂ ಅಷ್ಟೇ, ಮನಸ್ಸಿನಲ್ಲಿ ಏಕವಚನ, ಬಾಯಲ್ಲಿ ಬಹುವಚನ. "ಪೆನ್ಸಿಲ್ ಚೂಪಾಗಿರಲಿ ಮರಿ. ಹಾಳೆ ಮೇಲೆ ಒಂದು ನಿಮಿಷಕ್ಕೆ ಎರಡೇ ಮಿಲಿಮೀಟರು. ಪೆನ್ಸಿಲ್ ಮೊಂಡಾದ್ರೆ ಗೆರೆಯೇ ಅರ್ಧ ನಿಮಿಷ ನುಂಗಿಹಾಕ್ತದೆ." ಕೆಲಸಕ್ಕೆ ಸೇರಿದ ಮೊದಲ ವಾರವೇ ಹಾಗೆ ಹೇಳಿ, ತನ್ನ ಕೈಯಾರೆ ಬ್ಲೇಡಿನಿಂದ ಪೆನ್ಸಿಲು ಹೆರೆದು ಕೊಟ್ಟಿದ್ದ. ಆ ಮರಿ ಎಂಬ ಮಾತಿಗೆ ತಾನು ಅವತ್ತು ಹಿಗ್ಗಿದ್ದೆ ಎಂಬುದು ನೆನಪಾದಾಗಲೆಲ್ಲ ಅವನಿಗೆ ತನ್ನ ಕಿವಿಗಳನ್ನು ಕಿತ್ತೆಸೆಯಬೇಕು ಎನಿಸುತ್ತದೆ.

ಯಾಕೆಂದರೆ ಅದಕ್ಕೂ ಎರಡು ವರ್ಷ ಮೊದಲು, ಇದೇ ಕಟ್ಟಡದ ಇನ್ನೊಂದು ಮಹಡಿಯಲ್ಲಿ, ವಿಚಾರಣೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಅವನು ಕೂತಿದ್ದ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗೆ ಅಪ್ಪ ನಿಂತಿದ್ದ, ಚಾಲಕರ ನೀಲಿ ಅಂಗಿಯಲ್ಲಿ, ಇಸ್ತ್ರಿಯ ಮಡಿಕೆ ಕೂಡ ಮಾಸದೆ. ಅಪ್ಪನ ಗಾಡಿ ಬೆಳಗಿನ ಜನಸಂದಣಿಯಲ್ಲಿ ಗಂಟಲಿನ ಮುಂದೆ ನಿಂತಿತ್ತು. ಮತ್ತೆ ಹೊರಡುವಷ್ಟರಲ್ಲಿ ವಿದ್ಯುತ್ತು ಕೈಕೊಟ್ಟು, ಹಿಂದೆ ಮೂರು ಗಾಡಿ ಸಿಕ್ಕಿಹಾಕಿಕೊಂಡು, ಕತ್ತಲಲ್ಲಿ ಜನ ಕಿಟಕಿ ಒಡೆದು, ಇಬ್ಬರು ಮೂರ್ಛೆ ಹೋಗಿ, ಮೂವತ್ತೈದು ನಿಮಿಷ ನರಕವಾಗಿತ್ತು. ಯಾರೋ ಒಬ್ಬರ ತಪ್ಪು ಬೇಕಿತ್ತು. "ಗಂಟಲಲ್ಲಿ ಕೆಂಪು ದೀಪ ಇತ್ತು. ನಾನು ತಡ ಮಾಡಿಲ್ಲ. ನನ್ನ ಗಡಿಯಾರ ಸರಿಯಿದೆ," ಎಂದ ಅಪ್ಪ. ಆಗ ವೇಳಾಪಟ್ಟಿ ವಿಭಾಗದ ಪರವಾಗಿ ಬಂದಿದ್ದ ಸೆಕೆಂಡು ಎದ್ದು ನಿಂತು, "ಗಡಿಯಾರ ಬಿಚ್ಚಿ ಮೇಜಿನ ಮೇಲಿಡಿ," ಎಂದ. ಅಪ್ಪ ಬಿಚ್ಚಿಟ್ಟ. ಬಿಚ್ಚುವಾಗ ಪಟ್ಟಿಯ ಕೊಂಡಿ ಸಿಕ್ಕಿಕೊಂಡು, ಎಲ್ಲರೂ ಕಾಯುತ್ತಿರುವಾಗ, ಅದನ್ನು ಹಲ್ಲಿನಿಂದ ಎಳೆಯಬೇಕಾಯಿತು. ಸೆಕೆಂಡು ಅದನ್ನು ಕಿವಿಗೆ ಹಿಡಿದು ಕೇಳಿ, ಗೋಡೆಯ ಗಡಿಯಾರಕ್ಕೆ ಹೋಲಿಸಿ, "ಹನ್ನೆರಡು ಸೆಕೆಂಡು ಹಿಂದೆ," ಎಂದ. ಯಾರೋ ನಕ್ಕರು. ಕಡತದಲ್ಲಿ ಸೆಕೆಂಡು ಬರೆದದ್ದು ಒಂದೇ ಸಾಲು: ವೇಳಾಪಟ್ಟಿಯಲ್ಲಿ ದೋಷವಿಲ್ಲ. ಅಪ್ಪನನ್ನು ಗಾಡಿಯಿಂದ ಇಳಿಸಿ ಮರೆತ ಸಾಮಾನುಗಳ ಕೋಣೆಗೆ ಹಾಕಿದರು. ನಿವೃತ್ತಿಯವರೆಗೆ ಆರು ವರ್ಷ ಅಪ್ಪ ಬೇರೆಯವರ ಕೊಡೆಗಳಿಗೆ ಚೀಟಿ ಕಟ್ಟಿದ. ಆಮೇಲೆ ಯಾವತ್ತೂ ಗಡಿಯಾರ ಕಟ್ಟಲಿಲ್ಲ.

"ರೀ, ನಿಮಗೊಂದು ಮೆಮೊ," ಸಹೋದ್ಯೋಗಿ ಕಾಗದವನ್ನು ಅವನ ಮೇಜಿನ ಮೇಲೆ ಜಾರಿಸಿದಳು. "ಅಭಿಪ್ರಾಯ ಬರೀಬೇಕಂತೆ. ನಾಳೆ ಬೆಳಿಗ್ಗೆ ಒಳಗೆ. ಪಾಪ, ಯಾರೋ ಚಾಲಕಿ. ಹೊಸಬಳು."

ಅವನು ಓದಿದ. ಬಂದರು ಮಾರ್ಗ, ಹತ್ತು ಹನ್ನೆರಡರ ಗಾಡಿ. ನಿನ್ನೆಯವರೆಗೆ ಇಪ್ಪತ್ತೊಂಬತ್ತು ಕೆಲಸದ ದಿನಗಳಲ್ಲಿ ಇಪ್ಪತ್ತೊಂಬತ್ತು ಬಾರಿ ವಿಳಂಬ. ಚಾಲಕಿಯ ವಿವರಣೆ ಕೆಳಗೆ, ಗುಂಡಗಿನ ಅಕ್ಷರಗಳಲ್ಲಿ. ಅದರ ಕೆಳಗೆ ಖಾಲಿ ಚೌಕ: ವೇಳಾಪಟ್ಟಿ ವಿಭಾಗದ ಅಭಿಪ್ರಾಯ. ಈ ಹುಡುಗಿಯ ವಿಷಯ ಅವನಿಗೆ ಹೊಳೆದೇ ಇರಲಿಲ್ಲವೆಂದಲ್ಲ. ಹೊಳೆದಿತ್ತು. ಪ್ರತಿ ಗಾಡಿಗೂ ಎರಡು ಕಾಗದ: ಒಂದು ಚಾಲಕರ ಕೈಗೆ ಕೊಡುವ ಕಾರ್ಡು, ಇನ್ನೊಂದು ಸಿಗ್ನಲ್ ಕ್ಯಾಬಿನ್ನಿಗೆ ಹೋಗುವ ಹಾಳೆ. ಅವನು ಎಪ್ಪತ್ತು ಸೆಕೆಂಡಿನ ತಡೆಯನ್ನು ಕ್ಯಾಬಿನ್ನಿನ ಹಾಳೆಯಲ್ಲಿ ಮಾತ್ರ ಬರೆದಿದ್ದ. ಕಾರ್ಡಿನಲ್ಲೂ ಬರೆದರೆ ಅದು ವೇಳಾಪಟ್ಟಿಯಾಗುತ್ತಿತ್ತು, ಜನರಿಗೆ ಹಂಚುವ ಪಟ್ಟಿಯಲ್ಲೂ ಬರುತ್ತಿತ್ತು, ಮುದುಕ ಒಂದು ಗಾಡಿ ಮೊದಲೇ ಹೊರಟುಬಿಡುತ್ತಿದ್ದ. ತಡ ಎನಿಸಿಕೊಳ್ಳಬೇಕಾದರೆ ಕೊಟ್ಟ ಮಾತೊಂದು ಇರಬೇಕು, ಅದು ದಿನವೂ ಮುರಿಯಬೇಕು. ನಿವೃತ್ತನಾದ ಮೇಲೆ ಮುದುಕ ಕೊನೆಯ ನಿಲ್ದಾಣದ ತರಬೇತಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ. ತಡವಾಗಿ ಬಂದವರ ಮುಖದ ಮೇಲೆ ತರಗತಿಯ ಬಾಗಿಲು ಹಾಕುವುದು ಅವನ ಹೆಮ್ಮೆ. ಆ ಬಾಗಿಲ ಮುಂದೆ ಅವನೇ ಏದುಸಿರು ಬಿಡುತ್ತ ಬಂದು ನಿಲ್ಲಬೇಕು. ಒಳಗೆ ಕೂತ ಎಳೆಯರು ಗಡಿಯಾರ ನೋಡಬೇಕು. ಇಷ್ಟನ್ನು ನೆನೆದು ನೆನೆದು ಇವನು ಆರು ವಾರ ಸಿಹಿಯಾಗಿ ಊಟ ಮಾಡಿದ್ದ. ಚಾಲಕಿ ಮುಂದಿನ ನಿಲ್ದಾಣಗಳಲ್ಲಿ ಹೇಗಾದರೂ ಸಮ ಮಾಡಿಕೊಳ್ಳುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಏಳು ನಿಲ್ದಾಣಗಳ ಆ ಒಂದೇ ಹಳಿಯ ಮೇಲೆ ಮುಂದೆ ಒಂದು ಗಾಡಿ, ಹಿಂದೆ ಒಂದು ಗಾಡಿ ಇರುವಾಗ ಯಾರೂ ಏನನ್ನೂ ಸಮ ಮಾಡಿಕೊಳ್ಳಲಾರರು ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವನು ಮೆಮೊವನ್ನು ಇತರ ಕಾಗದಗಳ ಅಡಿಗೆ ತಳ್ಳಿದ. ಅಡಿಯಿಂದ ಒಂದು ತುದಿ ಹೊರಗೆ ಇಣುಕುತ್ತಿತ್ತು. ಅದನ್ನೂ ತಳ್ಳಿದ.

ಮಧ್ಯಾಹ್ನ ಮೂರರ ಸುಮಾರಿಗೆ ವಿಭಾಗದಲ್ಲಿ ಕುರ್ಚಿಗಳು ಸರಿದವು. "ಸಾರ್ ಬಂದ್ರು," ಎಂದು ಯಾರೋ ಪಿಸುಗುಟ್ಟಿದರು. ಚರ್ಮದ ಚೀಲ ಹಿಡಿದ ಮುದುಕ ಎಲ್ಲರಿಗೂ ತಲೆಯಾಡಿಸುತ್ತ, ತನ್ನ ಹಳೆಯ ಕುರ್ಚಿಯಲ್ಲಿ ಕೂತವನನ್ನು ಕಣ್ಣಲ್ಲೇ ಅಳೆಯುತ್ತ, ನೇರವಾಗಿ ಇವನ ಮೇಜಿಗೆ ಬಂದ. ಇವನು ಎದ್ದು ನಿಂತ. ಎದ್ದು ನಿಲ್ಲಬಾರದು ಎಂದು ಎಷ್ಟೋ ಸಲ ಅಭ್ಯಾಸ ಮಾಡಿಕೊಂಡಿದ್ದ ಗಳಿಗೆ ಇದು. ಕಾಲುಗಳು ಕೇಳಲಿಲ್ಲ.

"ಕೂತ್ಕೋ ಮರಿ." ಮುದುಕ ಎದುರು ಕುರ್ಚಿ ಎಳೆದುಕೊಂಡು, ಇವನ ಪೆನ್ಸಿಲು ಎತ್ತಿ, ಮೊನೆಯನ್ನು ಹೆಬ್ಬೆರಳಿಗೆ ಒತ್ತಿ ನೋಡಿದ. "ಚೂಪಾಗಿದೆ."

"ನೀವೇ ಕಲಿಸಿದ್ದು ಸಾರ್."

"ಹೌದು, ನಾನೇ." ಧ್ವನಿ ತಗ್ಗಿಸಿದ. "ಮೊದಲ್ನೇ ದಿನವೇ ಗೊತ್ತಾಯ್ತು, ಇದು ನಿನ್ನ ಕೈ ಅಂತ. ಆದ್ರೆ ಎಪ್ಪತ್ತು ಯಾಕೆ ಅಂತ ತಿಳೀಲಿಲ್ಲ. ಅರವತ್ತಲ್ಲ, ತೊಂಬತ್ತಲ್ಲ, ಎಪ್ಪತ್ತು. ಕತ್ತಲಲ್ಲಿ ಕೂತು ಕೂತು ತಲೆ ಕೆಟ್ಟೋಯ್ತು. ಇವತ್ತು ಬೆಳಿಗ್ಗೆ ಅಲ್ಲೇ ಕೂತು ಗುಣಿಸಿದೆ. ಮೂವತ್ತು ದಿನ, ಎಪ್ಪತ್ತು ಸೆಕೆಂಡು. ಮೂವತ್ತೈದು ನಿಮಿಷ." ಅವನು ನಕ್ಕ. ಆ ನಗುವಿನಲ್ಲಿ ಮೆಚ್ಚುಗೆ ಇತ್ತು. ಅದೇ ಇವನಿಗೆ ಸಹಿಸಲಾಗದ್ದು. "ಲೆಕ್ಕ ಸರಿಯಾಗಿದೆ. ಇವತ್ತಿಗೆ ಮುಗೀತು, ಅಲ್ವಾ?"

ಎಷ್ಟು ವರ್ಷಗಳಿಂದ ಕಟ್ಟಿಟ್ಟುಕೊಂಡ ಮಾತುಗಳಿದ್ದವು. ಬಾಯಿಗೆ ಬಂದದ್ದು, "ಪಾಠಕ್ಕೆ ತಡ ಆಯ್ತಾ ಸಾರ್?" ಎಂಬುದು ಮಾತ್ರ. ಅದೂ ಸಣ್ಣ ಧ್ವನಿಯಲ್ಲಿ, ವಿನಯದಂತೆ ಕೇಳಿಸುವ ಹಾಗೆ.

"ಆಯ್ತಪ್ಪ. ದಿನಾ ಆಯ್ತು. ಮೊದಲಿನ ಗಾಡಿ ಹಿಡೀಬಹುದಿತ್ತು, ಹಿಡೀಲಿಲ್ಲ. ಮಕ್ಕಳು ನಗ್ತಾರೆ. ನಗಲಿ." ಮುದುಕ ಪೆನ್ಸಿಲನ್ನು ಕೆಳಗಿಟ್ಟ. "ಬಾಗಿಲು ಹಾಕೋದು ಬಿಟ್ಟುಬಿಟ್ಟೆ. ಅಷ್ಟೇ ತಾನೇ ನನಗಾಗಿದ್ದು? ಮೆಮೊ ಬಂದಿರಬೇಕಲ್ಲ. ಆ ಹುಡುಗಿ ನನ್ನ ಹತ್ರ ಕಲಿತವಳು. ಕಳೆದ ವರ್ಷ. ಗಟ್ಟಿ ಹುಡುಗಿ. ನಿನ್ನೆ ನನ್ನ ಮುಂದೆ ಕೂತು ಅತ್ತಳು. ಸಾರ್, ನನ್ನ ಗಡಿಯಾರ ಸರಿಯಿದೆ, ಯಾರೂ ನಂಬ್ತಿಲ್ಲ ಅಂದಳು."

ಲೋಟದ ನೀರು ಅಲುಗಾಡಿತು. ಯಾವ ಗಾಡಿಯೋ ಅವನಿಗೆ ಒಮ್ಮೆಗೇ ನೆನಪಾಗಲಿಲ್ಲ.

"ಬರಿ," ಎಂದ ಮುದುಕ. "ಚೌಕ ಖಾಲಿ ಇದೆ. ಏನು ಬರೀಬೇಕು ಅಂತ ನಿನಗೆ ಗೊತ್ತು. ಒಂದೇ ಸಾಲು. ಅದನ್ನೂ ನಾನೇ ಕಲಿಸಿದ್ದು ಅಂದ್ಕೋ."

"ಅಪ್ಪನ ಗಾಡಿಯ ಅವತ್ತಿನ ಹಾಳೆ ನನ್ನ ಹತ್ರ ಇದೆ ಸಾರ್."

"ಗೊತ್ತು. ದಾಖಲೆ ಕೋಣೆಯಲ್ಲಿ ಅದರ ಜಾಗ ಖಾಲಿ ಆಗಿ ಮೂರು ವರ್ಷ ಆಯ್ತು. ನಾನು ಕೆಲಸದಲ್ಲಿ ಇದ್ದಾಗ್ಲೇ ತರ್ತೀಯ ಅಂತ ಕಾದೆ. ದಿನಾ ಕಾದೆ. ಬಡ್ತಿ ಪಟ್ಟಿಗೆ ನಾನು ಸಹಿ ಹಾಕೋವರೆಗೆ ನೀನು ಬರಲಿಲ್ಲ. ಆಮೇಲೂ ಬರಲಿಲ್ಲ." ಮುದುಕ ಚೀಲ ಎತ್ತಿಕೊಂಡು ಎದ್ದ. "ಅಭಿಪ್ರಾಯದಲ್ಲಿ ನಿಜ ಬರೆದೆ ಅಂತಿಟ್ಕೋ, ನಿನ್ನನ್ನ ಇಲ್ಲಿಂದ ತೆಗೀತಾರೆ. ಆಮೇಲೆ ಆ ಹಾಳೆ ತೋರಿಸಿದ್ರೆ ಸಿಕ್ಕಿಬಿದ್ದವನ ನೆಪ ಅಂತಾರೆ. ಬರೀಲಿಲ್ಲ ಅಂದ್ರೆ, ನೀನೂ ನಾನೂ ಒಂದೇ. ಯೋಚನೆ ಮಾಡು." ಎರಡು ಹೆಜ್ಜೆ ಹೋಗಿ ತಿರುಗಿದ. ಒಂಬತ್ತು ವರ್ಷಗಳಲ್ಲಿ ಒಮ್ಮೆಯೂ ಕೇಳದ ಪ್ರಶ್ನೆಯನ್ನು, ಹವಾಮಾನ ವಿಚಾರಿಸುವಷ್ಟು ಹಗುರವಾಗಿ ಕೇಳಿದ: "ನಿಮ್ಮಪ್ಪ ಹೇಗಿದ್ದಾರೆ?"

ಉತ್ತರಕ್ಕೆ ಕಾಯಲಿಲ್ಲ.

ಸಂಜೆ ಅವನು ಬಂದರು ಮಾರ್ಗದ ಗಾಡಿಯಲ್ಲೇ ಮನೆಗೆ ಹೊರಟ. ಕಿಟಕಿಯ ಗಾಜಿನಲ್ಲಿ ಸುರಂಗದ ಕೇಬಲ್ಲುಗಳು ಏರುತ್ತ ಇಳಿಯುತ್ತ ಓಡುತ್ತಿದ್ದವು, ಅವುಗಳ ನಡುವೆ ಅವನ ಮುಖ ಮಾತ್ರ ನಿಂತಲ್ಲೇ ನಿಂತಿತ್ತು. ಚೀಲದಲ್ಲಿ ಎರಡು ಕಾಗದ: ಮೆಮೊ, ಮತ್ತು ಕಚೇರಿಯ ಬೀರುವಿನ ಅಡಿಯಿಂದ ತೆಗೆದ ಆ ಹಳೆಯ ಹಾಳೆ. ದಾಖಲೆ ಕೋಣೆಯಲ್ಲಿ ಅದು ಸಿಕ್ಕ ದಿನ ಬೇರೇನನ್ನೋ ಹುಡುಕುತ್ತಿದ್ದ. ಧೂಳು ಕೊಡವಿ ಬಿಡಿಸಿದಾಗ, ಅಪ್ಪನ ಗಾಡಿಯ ಗೆರೆಯೂ ಅದರ ಮುಂದಿನ ಗಾಡಿಯ ಗೆರೆಯೂ ಗಂಟಲಿನ ಬಳಿ ಹುಳುಗಳಂತೆ ದಪ್ಪಗೆ ಮಲಗಿದ್ದವು. ಪೆನ್ಸಿಲ್ ಮೊಂಡಾಗಿತ್ತು. ಎಳೆದವನು, ಅದೇ ಸೆಕೆಂಡು, ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು ತೊಂಬತ್ತು ಸೆಕೆಂಡು ಎಂದು ಬರೆದಿದ್ದ. ನಡುವಿನಿಂದ ನಡುವಿಗೆ ಅಳೆದರೆ ಅರವತ್ತೇ. ಅಪ್ಪ ಸರಿಯಾದ ಹೊತ್ತಿಗೇ ಬಂದಿದ್ದ. ಸರಿಯಾಗಿ ಬಂದದ್ದರಿಂದಲೇ ಕೆಂಪು ದೀಪ ಸಿಕ್ಕಿತ್ತು. ಅವತ್ತು ಓಡಬೇಕಿತ್ತು, ಮೇಲಿನವರ ಬಾಗಿಲು ಬಡಿಯಬೇಕಿತ್ತು. ಓಡಲಿಲ್ಲ. ಬಡ್ತಿ ಬರಲಿ, ಆಗ ಮಾತಿಗೆ ತೂಕ ಬರುತ್ತದೆ ಎಂದುಕೊಂಡ. ಬಡ್ತಿ ಬಂದ ಮೇಲೆ ಮುದುಕನ ನಿವೃತ್ತಿ ಹತ್ತಿರವಿತ್ತು, ಈಗ ಎತ್ತಿದರೆ ಸಣ್ಣತನ ಎನಿಸೀತು ಎಂದುಕೊಂಡ. ಬೀಳ್ಕೊಡುಗೆಯ ದಿನ ಹಾರ ಹಾಕಿದವರಲ್ಲಿ ಅವನೂ ಒಬ್ಬ. ಮುಯ್ಯಿ ತೀರಿಸುವುದಕ್ಕೆ ಯಾರಿಗೂ ಕಾಣದ ಎಪ್ಪತ್ತು ಸೆಕೆಂಡೇ ಬೇಕಾಯಿತು. ಕಾಣುವಂಥದ್ದೇನನ್ನೂ ಮಾಡುವ ಎದೆ ಇರಲಿಲ್ಲ.

ಅಮ್ಮ ಹೋದ ಮೇಲೆ ಮನೆಯಲ್ಲಿ ಇಬ್ಬರೇ. ಅಪ್ಪ ಅಡುಗೆ ಮುಗಿಸಿ ತಟ್ಟೆ ಹಾಕಿ ಕೂತಿದ್ದ. ಒಲೆಯ ಮೇಲೆ ಪಾತ್ರೆ ಇನ್ನೂ ಗುಳುಗುಳು ಎನ್ನುತ್ತಿತ್ತು. ಕೈ ತೊಳೆಯದೆಯೇ ಅವನು ಹೇಳತೊಡಗಿದ. ನಿಂತುಕೊಂಡೇ ಹೇಳಿದ. ಸೆಕೆಂಡು, ತರಬೇತಿ ಶಾಲೆ, ಬಾಗಿಲು, ಮೂವತ್ತು ದಿನ. ಹೇಳುತ್ತ ಹೋದಂತೆ ಅವನ ಧ್ವನಿಗೆ ಹುರುಪು ಬಂತು. ಅಪ್ಪನ ಕಣ್ಣಿನಲ್ಲಿ ಒಂದು ಕಿಡಿ ಕಾಣಲೆಂದು, ಒಮ್ಮೆ, ಒಂದೇ ಒಮ್ಮೆ ಆ ಬಾಯಿಂದ ಭಲೇ ಎಂಬ ಮಾತು ಬರಲೆಂದು ಅವನು ಕಾದ. "ಮೂವತ್ತೈದು ನಿಮಿಷ ಅಪ್ಪಾ. ಒಂದು ಸೆಕೆಂಡೂ ಬಿಡದೆ ವಸೂಲಿ ಮಾಡಿದೆ."

ಅಪ್ಪ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದ. "ಆ ಗಾಡಿ ಓಡಿಸೋದು ಯಾರು?"

ಅವನು ಚೀಲದಿಂದ ಮೆಮೊ ತೆಗೆದುಕೊಟ್ಟ. ಅಪ್ಪ ಕನ್ನಡಕ ಹುಡುಕಿ ಹಾಕಿಕೊಂಡು, ಬೆಳಕಿಗೆ ಹಿಡಿದು, ತುಟಿ ಅಲುಗಿಸುತ್ತ ಓದಿದ. ಗಂಟಲಿನ ಮುಂದೆ ದಿನವೂ ಕೆಂಪು ದೀಪ. ನಾನು ತಡ ಮಾಡಿಲ್ಲ. ನನ್ನ ಗಡಿಯಾರ ಸರಿಯಿದೆ. ಆ ಸಾಲುಗಳಿಗೆ ಬಂದಾಗ ತುಟಿ ನಿಂತಿತು. ಎರಡನೆಯ ಸಲ ಓದಲಿಲ್ಲ.

"ನಾನು ಸುಮ್ನೆ ಮಾಡಲಿಲ್ಲ ಅಪ್ಪಾ," ಅವನು ಗಡಿಬಿಡಿಯಿಂದ ಹಳೆಯ ಹಾಳೆ ಬಿಡಿಸಿ ಮೇಜಿನ ಮೇಲೆ ಹರಡಿದ. "ನೋಡು. ಇದು ನಿನ್ನ ಗಾಡಿ. ಇದು ಮುಂದಿನದು. ಗೆರೆ ಎಷ್ಟು ದಪ್ಪ ನೋಡು. ಮೊಂಡು ಪೆನ್ಸಿಲು. ತಪ್ಪು ಅವನದು, ನಿಂದಲ್ಲ. ನಾನು ಅಭಿಪ್ರಾಯದಲ್ಲಿ ನಿಜ ಬರೆದ್ರೆ ಇದಕ್ಕೆ ಬೆಲೆ ಇರೋಲ್ಲ. ಯಾರೂ ನಂಬೋಲ್ಲ. ನಿನ್ನ ಹೆಸರು ಹಾಗೇ ಉಳಿದುಹೋಗ್ತದೆ."

ಅಪ್ಪ ಬೆರಳು ಇಟ್ಟು ತನ್ನ ಗೆರೆಯನ್ನು ಮೊದಲ ನಿಲ್ದಾಣದಿಂದ ಹಿಡಿದು ಗಂಟಲಿನವರೆಗೆ ನಿಧಾನವಾಗಿ ಸವರಿಕೊಂಡು ಬಂದ. ಒಂದೊಂದು ನಿಲ್ದಾಣದಲ್ಲೂ ಬೆರಳು ಅರೆಗಳಿಗೆ ನಿಂತು ಹೊರಟಿತು, ಬಾಗಿಲು ತೆರೆದು ಮುಚ್ಚುವಷ್ಟು ಹೊತ್ತು. ಗಂಟಲಿನಲ್ಲಿ ನಿಂತಿತು. ಅಲ್ಲೇ ಇತ್ತು.

"ಯಾವತ್ತು ಸಿಕ್ತು ಇದು?"

ಸುಳ್ಳು ಹೇಳಬಹುದಿತ್ತು. "ಮೂರು ವರ್ಷ ಆಯ್ತು."

ಒಲೆಯ ಮೇಲಿನ ಪಾತ್ರೆ ಉಕ್ಕುವ ಸದ್ದಾಯಿತು. ಅಪ್ಪ ಎದ್ದು ಹೋಗಿ, ಬಟ್ಟೆಯಿಂದ ಹಿಡಿದು ಅದನ್ನು ತಂದು, ಹರಡಿದ್ದ ಹಾಳೆಯ ನಟ್ಟನಡುವೆ, ಆ ಎರಡು ದಪ್ಪ ಗೆರೆಗಳ ಮೇಲೆ ಇಟ್ಟ. ಬಿಸಿ ಪಾತ್ರೆಯ ಅಡಿಯಲ್ಲಿ ಹಳೆಯ ಕಾಗದ ಸಣ್ಣಗೆ ಸುರುಟಿ, ಪಾತ್ರೆಯ ತಳದ ನೀರು ಸುತ್ತಲೂ ಕಂದು ಉಂಗುರವಾಗಿ ಹರಡಿತು. ಅವನು ಕೈ ಚಾಚಿದ. ಅಪ್ಪ ನೋಡಿದ ನೋಟಕ್ಕೆ ಕೈ ಹಿಂದೆ ಬಂತು.

"ಗಡಿಯಾರ ಬಿಚ್ಚಿ ಮೇಜಿನ ಮೇಲಿಡು."

"ಅಪ್ಪಾ..."

"ಬಿಚ್ಚಿಡು ಅಂದೆ."

ಬಿಚ್ಚಿದ. ಕೊಂಡಿ ಸಿಕ್ಕಿಕೊಂಡಿತು. ಅಪ್ಪ ಸಹಾಯ ಮಾಡಲಿಲ್ಲ, ಮುಖ ತಿರುಗಿಸಲೂ ಇಲ್ಲ. ಕೊನೆಗೆ ಹಲ್ಲಿನಿಂದ ಎಳೆದು ಬಿಡಿಸಿ ಮೇಜಿನ ಮೇಲಿಟ್ಟಾಗ, ಅಪ್ಪ ಅದನ್ನು ಎತ್ತಿ ಕಿವಿಗೆ ಹಿಡಿದು ಕೇಳಿದ. ಹನ್ನೊಂದು ವರ್ಷಗಳ ಮೇಲೆ ಅಪ್ಪನ ಕೈಯಲ್ಲಿ ಗಡಿಯಾರವಿತ್ತು. "ಸರಿಯಾಗಿದೆ," ಎಂದ. "ನಿಂತ್ಕೋ. ಎಪ್ಪತ್ತು ಸೆಕೆಂಡು ಅಂದ್ಯಲ್ಲ. ಎಷ್ಟಾಗ್ತದೆ ನೋಡೋಣ."

ಅವನು ಅಡುಗೆಮನೆಯ ನಡುವೆ, ನೀಲಿ ಅಂಗಿಯಿಲ್ಲದೆ, ಕೈ ಜೋಲು ಬಿಟ್ಟುಕೊಂಡು ನಿಂತ. ಅಪ್ಪ ಮುಳ್ಳನ್ನು ನೋಡುತ್ತ ಕೂತ. ಅವನ ಬೋಳು ಮಣಿಕಟ್ಟಿನ ಮೇಲೆ ಪಟ್ಟಿಯಿದ್ದ ಜಾಗ ಬಿಳಿಚಿಕೊಂಡಿತ್ತು. ಅಪ್ಪನ ಮಣಿಕಟ್ಟಿನ ಮೇಲೆ ಅಂಥ ಗುರುತು ಇಲ್ಲದೆ ಎಷ್ಟು ಕಾಲವಾಯಿತು ಎಂಬುದು ಅವನಿಗೆ ಈಗ ಕಂಡಿತು. ಎಣಿಸಲು ನೋಡಿದ. ಹದಿನೆಂಟರ ಮೇಲೆ ಎಣಿಕೆ ತಪ್ಪಿತು. ಇಪ್ಪತ್ತೋ ಐವತ್ತೋ ತಿಳಿಯಲಿಲ್ಲ. ಕತ್ತಲಲ್ಲಿ ಗಾಡಿ ನಿಂತಾಗ ಎಲ್ಲಕ್ಕಿಂತ ಮುಂದಿನ ಡಬ್ಬಿಯಲ್ಲಿ, ಕೆಂಪು ದೀಪದ ಎದುರು, ಬೆನ್ನ ಹಿಂದೆ ನೂರಾರು ಜನರ ಗೊಣಗಾಟ ಕೇಳುತ್ತ ಒಬ್ಬರು ನಿಂತಿರುತ್ತಾರೆ ಎಂಬುದನ್ನು ಅವನು ಮೂವತ್ತು ದಿನ ಲೋಟದ ನೀರಿನಲ್ಲಿ ನೋಡಿಯೇ ಇರಲಿಲ್ಲ. ನೋಡಿದ್ದರೆ ಅಲ್ಲಿ ಕಾಣುತ್ತಿದ್ದದ್ದು ಮುದುಕನ ಮುಖವಲ್ಲ, ಅಪ್ಪನ ಈ ಮುಖ.

"ಆಯ್ತು," ಎಂದ ಅಪ್ಪ. "ಈಗ ಬರಿ."

ಅವನು ಕೂತು, ಮೆಮೊ ಎಳೆದುಕೊಂಡು, ಖಾಲಿ ಚೌಕದಲ್ಲಿ ಪೆನ್ನಿನಿಂದ ಬರೆದ: ಚಾಲಕಿ ತಡ ಮಾಡಿಲ್ಲ. ಕ್ಯಾಬಿನ್ನಿನ ಹಾಳೆಯಲ್ಲಿ ಎಪ್ಪತ್ತು ಸೆಕೆಂಡು ತಡೆಯನ್ನು ಬೇಕೆಂದೇ ಸೇರಿಸಿದವನು ನಾನು. ಸಹಿ ಹಾಕಿ ಅಪ್ಪನ ಕಡೆ ತಿರುಗಿಸಿದ. ಅಪ್ಪ ಓದಲಿಲ್ಲ. ಪಾತ್ರೆಯ ಮುಚ್ಚಳ ತೆಗೆದು ತನ್ನ ತಟ್ಟೆಗೆ ಮಾತ್ರ ಬಡಿಸಿಕೊಂಡು, ತಲೆ ತಗ್ಗಿಸಿ ಉಣ್ಣತೊಡಗಿದ. ಗಡಿಯಾರ ಅಪ್ಪನ ಎಡಗೈ ಮುಷ್ಟಿಯಲ್ಲೇ ಇತ್ತು. ಕೊಡು ಎಂದು ಅವನೂ ಕೇಳಲಿಲ್ಲ.